ತಣ್ಣನೆಯ ಪ್ಲಾಸ್ಮಾದಿಂದ ರಕ್ತ ಕ್ಯಾನ್ಸರಿಗೆ ಚಿಕಿತ್ಸೆ: ಅಪ್ಪನಿಗೆ ಕೊಡಿಸಬಹುದೇ?

ಪ್ರಶ್ನೆ: ನನ್ನ ತಂದೆಯವರಿಗೆ 67 ವರ್ಷ, ನಿವೃತ್ತ ಶಿಕ್ಷಕರು. ನಾಲ್ಕು ತಿಂಗಳ ಹಿಂದೆ ಅವರಿಗೆ ಅಕ್ಯೂಟ್ ಮೈಲಾಯ್ಡ್ ಲ್ಯುಕೇಮಿಯಾ ಎಂಬ ರಕ್ತ ಕ್ಯಾನ್ಸರ್ ಇರುವುದು ಗೊತ್ತಾಯಿತು. ಜೋರಾದ ಕೀಮೋ ತಡೆದುಕೊಳ್ಳಲಾರರು ಎಂದು ಬೆಂಗಳೂರಿನ ಆಸ್ಪತ್ರೆಯಲ್ಲಿ ತಿಂಗಳಿಗೆ ಏಳು ದಿನ ಅಝಾಸಿಟಿಡಿನ್ ಚುಚ್ಚುಮದ್ದು ಮತ್ತು ವೆನೆಟೊಕ್ಲ್ಯಾಕ್ಸ್ ಮಾತ್ರೆ ಕೊಡುತ್ತಿದ್ದಾರೆ. ಎರಡು ಸೈಕಲ್ ಮುಗಿದ ಮೇಲೆ ಮಾಡಿದ ಮೂಳೆಮಜ್ಜೆ ಪರೀಕ್ಷೆಯಲ್ಲಿ ಬ್ಲಾಸ್ಟ್ ಕೋಶಗಳು (ಬಲಿಯದ ರಕ್ತಕೋಶಗಳು) ಶೇ 5ಕ್ಕಿಂತ ಕೆಳಗಿಳಿದಿವೆ. ಆದರೆ ಬಿಳಿ ರಕ್ತಕಣ, ಪ್ಲೇಟ್‌ಲೆಟ್ ಕೌಂಟ್ ಏರುತ್ತಿಲ್ಲ, ಪದೇ ಪದೇ ರಕ್ತ ಕೊಡಿಸಬೇಕಾಗಿದೆ, ಅಪ್ಪ ತುಂಬ ಸೋತುಹೋಗಿದ್ದಾರೆ. ಈ ನಡುವೆ ಸೋದರಮಾವ ಒಂದು ವಿಡಿಯೊ ಕಳಿಸಿದರು. ಅದರಲ್ಲಿ ನೇರಳೆ ಬಣ್ಣದ ಜ್ವಾಲೆಯನ್ನು ಬೆರಳ ಮೇಲೆ ಹಾಯಿಸಿದರೂ ಸುಡುವುದಿಲ್ಲ, ಅದೇ ಜ್ವಾಲೆ ರಕ್ತ ಕ್ಯಾನ್ಸರಿನ ಕೋಶಗಳನ್ನು ಮಾತ್ರ ಆರಿಸಿ ಕೊಲ್ಲುತ್ತದೆ ಎನ್ನುತ್ತಾರೆ. ಹೊರರಾಜ್ಯದ ಒಂದು ಕ್ಲಿನಿಕ್‌ನವರು ರಕ್ತ ತೆಗೆದು, ‘ಪ್ಲಾಸ್ಮಾ ಅನಿಲ’ ಹಾಯಿಸಿ, ಮತ್ತೆ ಏರಿಸುತ್ತಾರಂತೆ. ಹತ್ತು ಸಲ ಮಾಡಿಸಿದರೆ ಕೀಮೋ ಬೇಕಾಗುವುದಿಲ್ಲವಂತೆ. ಇದು ನಿಜವೇ? ಆಸ್ಪತ್ರೆಯಲ್ಲಿ ಏರಿಸುವ ಪ್ಲಾಸ್ಮಾ ಇದೇ ಏನು? ಕೀಮೋ ನಿಲ್ಲಿಸಿ ಇದನ್ನು ಒಮ್ಮೆ ನೋಡಬಹುದೇ? (ಹೆಸರು ಬೇಡ, ಹಾಸನ ಜಿಲ್ಲೆ)

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳು ಹೆಣೆದುಕೊಂಡಿವೆ. ವಿಡಿಯೊದಲ್ಲಿ ಕಂಡದ್ದು ನಿಜವೇ ಎಂಬುದು ಒಂದು. ನಿಜವಾದರೆ ಅಪ್ಪನಿಗೆ ಅದನ್ನೇಕೆ ಕೊಡಿಸಬಾರದು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಬಹುಮಟ್ಟಿಗೆ ಹೌದೆಂದೇ ಉತ್ತರಿಸಬೇಕಾಗುತ್ತದೆ. ಹಾಗೆ ಒಪ್ಪಿಕೊಂಡ ಮೇಲೂ ಎರಡನೆಯದಕ್ಕೆ ನಾನು ಬೇಡವೆಂದೇ ಹೇಳುತ್ತೇನೆ. ಈ ಎರಡು ಉತ್ತರಗಳ ನಡುವಿನ ಅಂತರ ಎಲ್ಲಿಂದ ಬಂತು ಎಂಬುದನ್ನು ಬಿಡಿಸಿ ಹೇಳದಿದ್ದರೆ, ನಿಮ್ಮ ಸೋದರಮಾವನಿಗೆ ನೀವು ಹೇಳುವ ಮಾತು ‘ಡಾಕ್ಟರು ಬೇಡ ಅಂದರು’ ಎಂಬಷ್ಟಕ್ಕೇ ನಿಂತುಬಿಡುತ್ತದೆ. ಅಷ್ಟರಿಂದ ಯಾರಿಗೂ ಸಮಾಧಾನವಾಗುವುದಿಲ್ಲ.

ಆಸ್ಪತ್ರೆಯಲ್ಲಿ ಏರಿಸುವ ಪ್ಲಾಸ್ಮಾಕ್ಕೂ ಇದಕ್ಕೂ ಹೆಸರಿನ ಹೊರತು ಸಂಬಂಧವಿಲ್ಲ. ಅದು ರಕ್ತಕಣಗಳನ್ನು ಬೇರ್ಪಡಿಸಿದ ಮೇಲೆ ಉಳಿಯುವ ಹಳದಿ ದ್ರವ. ವಿಡಿಯೊದಲ್ಲಿ ನೀವು ನೋಡಿದ್ದು ವಿದ್ಯುತ್ ಹಾಯಿಸಿ ಭಾಗಶಃ ಅಯಾನುಗಳನ್ನಾಗಿ ಮಾಡಿದ ಅನಿಲ, ಸಾಮಾನ್ಯವಾಗಿ ಆರ್ಗಾನ್, ಹೀಲಿಯಂ ಅಥವಾ ಬರಿಯ ಗಾಳಿ. ಸಿಡಿಲು, ವೆಲ್ಡಿಂಗ್‌ನ ಕಿಡಿ ಇವೂ ಪ್ಲಾಸ್ಮಾಗಳೇ, ಆದರೆ ಅವು ಸುಡುತ್ತವೆ. ಎಂಡೊಸ್ಕೊಪಿ ಮಾಡುವಾಗ ಹೊಟ್ಟೆಯ ಅಥವಾ ಕರುಳಿನ ರಕ್ತಸ್ರಾವ ನಿಲ್ಲಿಸಲು ನಮ್ಮ ಆಸ್ಪತ್ರೆಗಳಲ್ಲೂ ಬಳಸುವ ಎಪಿಸಿ ಎಂಬ ಆರ್ಗಾನ್ ಪ್ಲಾಸ್ಮಾ ಉಪಕರಣವೂ ಶಾಖದಿಂದಲೇ ಕೆಲಸ ಮಾಡುತ್ತದೆ. ತಣ್ಣನೆಯ ಪ್ಲಾಸ್ಮಾದ ಬಗೆ ಬೇರೆ. ಅದರಲ್ಲಿ ಎಲೆಕ್ಟ್ರಾನುಗಳು ಹತ್ತಾರು ಸಾವಿರ ಡಿಗ್ರಿಯಷ್ಟು ಚೈತನ್ಯ ಪಡೆದಿದ್ದರೂ ಅವುಗಳ ತೂಕ ಅತ್ಯಲ್ಪ. ಭಾರವಾದ ಅಣು ಪರಮಾಣುಗಳಿಗೆ ಆ ಬಿಸಿ ಹಂಚಿಹೋಗುವಷ್ಟು ಹೊತ್ತೇ ಸಿಗುವುದಿಲ್ಲವಾದ್ದರಿಂದ ಒಟ್ಟು ಅನಿಲ ಮೈಯ ಉಷ್ಣತೆಯ ಆಸುಪಾಸಿನಲ್ಲೇ ಉಳಿಯುತ್ತದೆ. ಮನೆಯ ಹಳೆಯ ಟ್ಯೂಬ್‌ಲೈಟ್‌ನೊಳಗೆ ಹೊಳೆಯುವುದೂ ಈ ಜಾತಿಯ ಪ್ಲಾಸ್ಮಾವೇ. ಆದ್ದರಿಂದ ಬೆರಳು ಸುಡದಿರುವುದರಲ್ಲಿ ಪವಾಡವೂ ಇಲ್ಲ, ಮೋಸವೂ ಇಲ್ಲ.

ಸುಡದೆ ಕೋಶವನ್ನು ಕೊಲ್ಲುವುದು ಹೇಗೆ ಎಂಬುದೇ ಈ ವಿದ್ಯೆಯ ಕುತೂಹಲದ ಭಾಗ. ಈ ಅನಿಲ ಗಾಳಿಯನ್ನೂ ನೀರಿನಂಶವನ್ನೂ ತಾಕಿದಾಗ ಆಮ್ಲಜನಕ ಮತ್ತು ಸಾರಜನಕದಿಂದ ಚುರುಕಾದ ಅಣುಗಳ ಒಂದು ಗುಂಪೇ ಹುಟ್ಟುತ್ತದೆ: ಹೈಡ್ರಾಕ್ಸಿಲ್ ರ‍್ಯಾಡಿಕಲ್, ಓಝೋನ್, ನೈಟ್ರಿಕ್ ಆಕ್ಸೈಡ್, ಹೈಡ್ರೋಜನ್ ಪೆರಾಕ್ಸೈಡ್, ನೈಟ್ರೈಟ್ ಮೊದಲಾದವು. ಕೆಲವು ಹುಟ್ಟಿದ ಕ್ಷಣದಲ್ಲೇ ನಾಶವಾಗುತ್ತವೆ. ಹೈಡ್ರೋಜನ್ ಪೆರಾಕ್ಸೈಡ್, ನೈಟ್ರೈಟ್‌ನಂಥವು ದ್ರವದಲ್ಲಿ ಸಾಕಷ್ಟು ಹೊತ್ತು ಉಳಿಯುತ್ತವೆ. ಜಪಾನಿನ ನಗೋಯ ವಿಶ್ವವಿದ್ಯಾಲಯದವರು ದ್ರವವೊಂದಕ್ಕೆ ಪ್ಲಾಸ್ಮಾ ಹಾಯಿಸಿ, ಆ ದ್ರವವನ್ನು ಮಾತ್ರ ಕ್ಯಾನ್ಸರ್ ಕೋಶಗಳ ಮೇಲೆ ಸುರಿದೂ ಅವನ್ನು ಕೊಂದು ತೋರಿಸಿದ್ದು ಇದೇ ಕಾರಣದಿಂದ ಸಾಧ್ಯವಾಯಿತು. ಕ್ಯಾನ್ಸರ್ ಕೋಶಗಳು ಅವಸರದಲ್ಲಿ ಬೆಳೆಯುವುದರಿಂದ ಅವುಗಳೊಳಗೆ ಇಂಥ ಅಣುಗಳ ಮಟ್ಟ ಮೊದಲೇ ಹೆಚ್ಚಿರುತ್ತದೆ. ಹೊರಗಿನಿಂದ ಇನ್ನಷ್ಟು ಬಂದರೆ ಅವುಗಳ ರಕ್ಷಣೆ ಕುಸಿದು, ಮೈಟೊಕಾಂಡ್ರಿಯ ಕೆಟ್ಟು, ಡಿಎನ್‌ಎ ತುಂಡಾಗಿ, ಕೋಶ ತನ್ನನ್ನು ತಾನೇ ಕೊನೆಗಾಣಿಸಿಕೊಳ್ಳುತ್ತದೆ. ಆರೋಗ್ಯವಂತ ಕೋಶಕ್ಕೆ ಆ ಹೊಡೆತವನ್ನು ತಾಳುವ ಅವಕಾಶ ಉಳಿದಿರುತ್ತದೆ ಎಂಬುದು ಈ ಚಿಕಿತ್ಸೆಯ ಹಿಂದಿನ ವಾದ. ಇಟಲಿಯ ಬೊಲೊನ್ಯ, ಜರ್ಮನಿ, ಜಪಾನ್, ಚೀನಾ, ಕೊರಿಯಾಗಳ ಪ್ರಯೋಗಾಲಯಗಳಲ್ಲಿ ಲ್ಯುಕೇಮಿಯಾ ಅಥವಾ ಮೈಲೋಮಾ (ಮಜ್ಜೆಯ ಇನ್ನೊಂದು ಕ್ಯಾನ್ಸರ್) ಕೋಶಗಳು ಹೀಗೆ ಸತ್ತಿರುವುದು ದಾಖಲಾಗಿದೆ. ನಿಮ್ಮ ಸೋದರಮಾವ ನೋಡಿದ್ದು ಇಂಥದೇ ಯಾವುದೋ ಪ್ರಯೋಗದ ಚಿತ್ರಣವಿರಬೇಕು.

ತೊಡಕು ಇರುವುದು ಕ್ಯಾನ್ಸರ್ ಕೋಶಗಳನ್ನು ಮಾತ್ರ ಕೊಲ್ಲುತ್ತದೆ ಎಂಬ ಮಾತಿನಲ್ಲಿ. ಜರ್ಮನಿಯ ಗ್ರೈಫ್ಸ್‌ವಾಲ್ಡ್‌ನ ಸಂಶೋಧಕರು 2013ರಲ್ಲೇ ಎರಡು ಬಗೆಯ ಲ್ಯುಕೇಮಿಯಾ ಕೋಶಗಳನ್ನು ಪ್ಲಾಸ್ಮಾಕ್ಕೆ ಒಡ್ಡಿ ನೋಡಿದ್ದರು. ಟಿ-ಲಿಂಫೋಸೈಟ್ ಎಂಬ ಬಿಳಿ ರಕ್ತಕಣದ ವಂಶದ ಜುರ್ಕಟ್ ಎಂಬ ಕೋಶಗಳು ಅಲ್ಪ ಹೊತ್ತಿಗೇ ಸತ್ತರೆ, ಮಾನೊಸೈಟ್ ಎಂಬ ಇನ್ನೊಂದು ಬಗೆಯ ಬಿಳಿ ರಕ್ತಕಣದ ವಂಶದ ಟಿಎಚ್‌ಪಿ-1 ಕೋಶಗಳು ಅದಕ್ಕಿಂತ ಹೆಚ್ಚು ತಾಳಿಕೊಂಡವು. ಮಾನೊಸೈಟ್‌ಗಳು ಸೂಕ್ಷ್ಮಾಣುಗಳನ್ನು ಕೊಲ್ಲಲು ತಾವೇ ಇಂಥ ಚುರುಕು ಅಣುಗಳನ್ನು ತಯಾರಿಸುವ ಕೋಶಗಳಾದ್ದರಿಂದ ಅವುಗಳ ಬಳಿ ರಕ್ಷಣೆಯೂ ಇರುವುದು ಸಹಜ. ನಿಮ್ಮ ತಂದೆಯವರದು ಮೈಲಾಯ್ಡ್ ಗುಂಪಿನ ಕಾಯಿಲೆ. ವಂಶದಿಂದ ನೋಡಿದರೆ ಅದು ಜುರ್ಕಟ್‌ಗಿಂತ ಟಿಎಚ್‌ಪಿ-1ಕ್ಕೆ ಹತ್ತಿರ. ಇತ್ತ, ಆರೋಗ್ಯವಂತರ ರಕ್ತದಿಂದ ತೆಗೆದ ಟಿ-ಲಿಂಫೋಸೈಟ್‌ಗಳು, ಅಂದರೆ ಸೋಂಕಿನ ವಿರುದ್ಧ ನಮ್ಮನ್ನು ಕಾಯುವ ಕೋಶಗಳು, ಪ್ಲಾಸ್ಮಾಕ್ಕೆ ಸುಲಭವಾಗಿ ಬಲಿಯಾಗುತ್ತವೆ. ಪ್ರಯೋಗಾಲಯದಲ್ಲಿ ಕೋಶಗಳನ್ನು ಯಾವ ದ್ರವದಲ್ಲಿ ಬೆಳೆಸಿದ್ದಾರೆ ಎಂಬುದರ ಮೇಲೂ ಫಲಿತಾಂಶ ಬದಲಾಗುತ್ತದೆ: ಪೋಷಕ ದ್ರವದಲ್ಲಿ ಪೈರುವೇಟ್ ಇದ್ದರೆ ಅದು ಹೈಡ್ರೋಜನ್ ಪೆರಾಕ್ಸೈಡನ್ನು ಹೀರಿಕೊಂಡು ಕೋಶಗಳನ್ನು ಉಳಿಸುತ್ತದೆ. ಬೆಲ್ಜಿಯಂನ ಆಂಟ್ವರ್ಪ್ ವಿಶ್ವವಿದ್ಯಾಲಯದವರು ಇದನ್ನೇ ಎತ್ತಿ ಹೇಳಿ, ಕ್ಯಾನ್ಸರ್ ಕೋಶ ಮತ್ತು ಆರೋಗ್ಯವಂತ ಕೋಶಗಳನ್ನು ಬೇರೆ ಬೇರೆ ದ್ರವದಲ್ಲಿಟ್ಟು ಹೋಲಿಸಿ ‘ಆರಿಸಿ ಕೊಲ್ಲುತ್ತದೆ’ ಎಂಬ ತೀರ್ಮಾನಕ್ಕೆ ಬರಬಾರದೆಂದು ಎಚ್ಚರಿಸಿದ್ದಾರೆ. ಇನ್ನೊಂದು ಮಾತು: ಜುರ್ಕಟ್ ಕೋಶಗಳು 1970ರ ದಶಕದಲ್ಲಿ 14 ವರ್ಷದ ಹುಡುಗನೊಬ್ಬನ ರಕ್ತದಿಂದ ಪಡೆದು ಅಂದಿನಿಂದ ಪ್ರಯೋಗಾಲಯಗಳಲ್ಲೇ ಬೆಳೆಸಿಕೊಂಡು ಬಂದವು. ಅವುಗಳಿಂದ ಕಲಿಯುವುದು ಬಹಳಷ್ಟಿದೆ, ಆದರೆ ಅವು ನಿಮ್ಮ ತಂದೆಯವರ ಮೂಳೆಮಜ್ಜೆಯಲ್ಲಿರುವ ಕೋಶಗಳಂತೆಯೇ ನಡೆದುಕೊಳ್ಳುತ್ತವೆಂದು ಊಹಿಸುವಂತಿಲ್ಲ.

ಮನುಷ್ಯರ ಮೇಲೆ ಇದನ್ನು ಬಳಸಿಯೇ ಇಲ್ಲವೆಂದು ತಿಳಿಯಬೇಡಿ. ವಾಸಿಯಾಗದ ಗಾಯಗಳಿಗೆ ಬಳಸುವ ಕಿನ್‌ಪೆನ್ ಮೆಡ್ ಎಂಬ ಜರ್ಮನ್ ಉಪಕರಣಕ್ಕೆ 2013ರಲ್ಲೇ ಯುರೋಪಿನ ಸಿಇ ಮನ್ನಣೆ ಸಿಕ್ಕಿದೆ. ಗ್ರೈಫ್ಸ್‌ವಾಲ್ಡ್‌ನಲ್ಲಿಯೇ ಬಾಯಿ, ಕುತ್ತಿಗೆಯ ಕ್ಯಾನ್ಸರ್ ಮುಂದುವರಿದು ಹುಣ್ಣಾಗಿ ಸೋಂಕು ತಗುಲಿದ ಕೆಲವೇ ರೋಗಿಗಳಿಗೆ ಇದನ್ನು ಕೊಟ್ಟಾಗ ದುರ್ವಾಸನೆ, ನೋವು ಕಡಿಮೆಯಾಗಿ, ಒಂದಿಬ್ಬರಲ್ಲಿ ಗೆಡ್ಡೆಯೂ ಕೆಲಕಾಲ ಕುಗ್ಗಿತ್ತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರಲ್ಲಿ ಅನುಮತಿ ಕೊಟ್ಟ ಮೊದಲ ಹಂತದ ಪ್ರಯೋಗದಲ್ಲಿ, ನಾಲ್ಕನೇ ಹಂತದ ಅಥವಾ ಮರುಕಳಿಸಿದ ಗೆಡ್ಡೆಯುಳ್ಳ 20 ರೋಗಿಗಳಿಗೆ ಶಸ್ತ್ರಚಿಕಿತ್ಸೆಯಲ್ಲಿ ಗೆಡ್ಡೆ ತೆಗೆದ ಮೇಲೆ ಆ ಜಾಗದ ಅಂಚಿಗೆ ತಣ್ಣನೆಯ ಪ್ಲಾಸ್ಮಾ ಸಿಂಪಡಿಸಿದರು. ಅದು ಸುರಕ್ಷಿತವೇ ಎಂದು ತಿಳಿಯುವುದು ಆ ಪ್ರಯೋಗದ ಗುರಿಯಾಗಿತ್ತು. ಈ ಮೂರರಲ್ಲೂ ಒಂದು ಸಂಗತಿ ಸಮಾನವಾಗಿದೆ: ಚಿಕಿತ್ಸೆ ಮುಟ್ಟಬೇಕಾದ ಜಾಗ ಕಣ್ಣಿಗೆ ಕಾಣುತ್ತದೆ, ಕೈಗೆ ಎಟುಕುತ್ತದೆ. ಪ್ಲಾಸ್ಮಾದ ಪರಿಣಾಮ ಅಂಗಾಂಶದ ಮೇಲ್ಪದರವನ್ನು ದಾಟಿ ಆಳಕ್ಕೆ ಹೋಗುವುದಿಲ್ಲ.

ರಕ್ತ ಕ್ಯಾನ್ಸರಿಗೆ ಅಂಥ ಒಂದು ಜಾಗವೇ ಇಲ್ಲ. ಬೆನ್ನುಮೂಳೆ, ಸೊಂಟದ ಮೂಳೆ, ಎದೆಮೂಳೆಗಳ ಮಜ್ಜೆಯಲ್ಲಿ ಅದು ಹುಟ್ಟುತ್ತದೆ, ರಕ್ತದಲ್ಲಿ ಹರಿಯುತ್ತದೆ, ಗುಲ್ಮದಲ್ಲಿ, ಕೆಲವೊಮ್ಮೆ ಮೆದುಳಿನ ಸುತ್ತಲಿನ ದ್ರವದಲ್ಲಿ ಅಡಗುತ್ತದೆ. ಹಾಗಾದರೆ ಪ್ಲಾಸ್ಮಾ ಹಾಯಿಸಿದ ದ್ರವವನ್ನೇ ರಕ್ತನಾಳಕ್ಕೆ ಕೊಡಬಹುದಲ್ಲ ಎಂದು ನೀವು ಕೇಳಬಹುದು. ಗಾಯಕ್ಕೆ ಹೈಡ್ರೋಜನ್ ಪೆರಾಕ್ಸೈಡ್ ಸುರಿದಾಗ ಬುರುಬುರು ನೊರೆ ಬರುವುದನ್ನು ನೀವು ನೋಡಿರುತ್ತೀರಿ. ರಕ್ತದಲ್ಲೂ ಅಂಗಾಂಶದಲ್ಲೂ ಇರುವ ಕ್ಯಾಟಲೇಸ್ ಎಂಬ ಕಿಣ್ವ ಅದನ್ನು ನೀರು ಮತ್ತು ಆಮ್ಲಜನಕವಾಗಿ ಒಡೆಯುವುದರಿಂದ ಆ ನೊರೆ. ನಮ್ಮ ಮೈಯ ಸುಮಾರು ಐದು ಲೀಟರ್ ರಕ್ತದಲ್ಲಿ ಲಕ್ಷಾಂತರ ಕೋಟಿ ಕೆಂಪು ರಕ್ತಕಣಗಳು ಈ ಕಿಣ್ವವನ್ನು ತುಂಬಿಕೊಂಡು ಓಡಾಡುತ್ತಿವೆ. ಅವುಗಳೊಳಗಿನ ಹಿಮೋಗ್ಲೋಬಿನ್ ನೈಟ್ರಿಕ್ ಆಕ್ಸೈಡನ್ನೂ ಹಿಡಿದು ಮುಗಿಸುತ್ತದೆ. ಪ್ರಯೋಗಾಲಯದ ತಟ್ಟೆಯಲ್ಲಿ ಕೋಶಗಳು ತೆಳುವಾದ ದ್ರವದ ಪದರದಲ್ಲಿ, ಕೆಂಪು ರಕ್ತಕಣಗಳ ಕಾಟವಿಲ್ಲದೆ, ಜ್ವಾಲೆಗೆ ನೇರವಾಗಿ ಎದುರಾಗಿರುತ್ತವೆ. ಮೈಯೊಳಗೆ ಆ ಅಣುಗಳು ಮಜ್ಜೆಯನ್ನು ಮುಟ್ಟುವ ಮೊದಲೇ ಮುಗಿದುಹೋಗುತ್ತವೆ. ಮುಗಿಯದಷ್ಟು ಕೊಟ್ಟರೆ ಕೆಂಪು ರಕ್ತಕಣಗಳೇ ಒಡೆಯುತ್ತವೆ, ಹೊರಚೆಲ್ಲಿದ ಹಿಮೋಗ್ಲೋಬಿನ್ ಮೂತ್ರಪಿಂಡಕ್ಕೆ ಹಾನಿ ಮಾಡುತ್ತದೆ. ಸಾಲದೆಂಬಂತೆ, ತಣ್ಣನೆಯ ಪ್ಲಾಸ್ಮಾ ರಕ್ತವನ್ನು ಬೇಗ ಹೆಪ್ಪುಗಟ್ಟಿಸುತ್ತದೆ. ರಕ್ತಸ್ರಾವ ನಿಲ್ಲಿಸಲು ಅದನ್ನು ಬಳಸಬಹುದೆಂಬ ಸಂಶೋಧನೆ ಬೆಳೆದದ್ದೇ ಈ ಗುಣದಿಂದ. ಗಾಯದ ಮೇಲೆ ವರವಾಗುವ ಈ ಗುಣ ರಕ್ತವನ್ನು ಮರಳಿ ನಾಳಕ್ಕೆ ಬಿಡುವಾಗ ಅಪಾಯವಾಗುತ್ತದೆ.

ನನ್ನ ಮಟ್ಟಿಗೆ ಇದೆಲ್ಲಕ್ಕಿಂತ ದೊಡ್ಡ ಅಡ್ಡಿ ಇನ್ನೊಂದಿದೆ, ವಿಡಿಯೊಗಳಲ್ಲಿ ಅದರ ಸುದ್ದಿಯೇ ಬರುವುದಿಲ್ಲ. ಲ್ಯುಕೇಮಿಯಾ ಮರುಕಳಿಸುವುದು ಬಹುಪಾಲು ಮಜ್ಜೆಯ ಮೂಲೆಯಲ್ಲಿ ನಿದ್ರಿಸುವ ಲ್ಯುಕೇಮಿಯಾ ಆಕರಕೋಶಗಳಿಂದ (ಸ್ಟೆಮ್ ಸೆಲ್). 2013ರಲ್ಲಿ ಅಮೆರಿಕದ ಸಂಶೋಧಕರು ಪ್ರಕಟಿಸಿದ ಅಧ್ಯಯನವೊಂದು, ಈ ಮಲಗಿದ ಕೋಶಗಳೊಳಗೆ ಚುರುಕು ಆಮ್ಲಜನಕದ ಅಣುಗಳ ಮಟ್ಟ ಕಡಿಮೆಯಿರುತ್ತದೆಂದೂ ಅವು ಬದುಕಲು ಬಿಸಿಎಲ್-2 ಎಂಬ ಪ್ರೋಟೀನನ್ನು ನೆಚ್ಚಿಕೊಂಡಿರುತ್ತವೆಂದೂ ತೋರಿಸಿತು. ಅಂದರೆ ಕ್ಯಾನ್ಸರ್ ಕೋಶದೊಳಗೆ ಆ ಅಣುಗಳು ಮೊದಲೇ ತುಂಬಿರುತ್ತವೆ, ಒಂದಿಷ್ಟು ಸೇರಿಸಿದರೆ ಸಾಕು ಎಂಬ ಪ್ಲಾಸ್ಮಾದ ವಾದ, ಯಾವ ಕೋಶಗಳು ಸಾಯಲೇಬೇಕೋ ಅವುಗಳ ವಿಷಯದಲ್ಲಿ ದುರ್ಬಲವಾಗುತ್ತದೆ. ಬಿಸಿಎಲ್-2 ಪ್ರೋಟೀನನ್ನು ತಡೆಯುವ ಔಷಧವೇ ವೆನೆಟೊಕ್ಲ್ಯಾಕ್ಸ್, ನಿಮ್ಮ ತಂದೆಯವರು ಈಗ ನುಂಗುತ್ತಿರುವ ಮಾತ್ರೆ.

ಇನ್ನು ಆ ಕ್ಲಿನಿಕ್‌ನ ವಿಷಯ. ರಕ್ತ ತೆಗೆದು ಅನಿಲ ಹಾಯಿಸಿ ಮರಳಿ ಏರಿಸುವುದೆಂದು ನೀವು ವಿವರಿಸಿದ ಕ್ರಮ ಬಹಳ ಕಾಲದಿಂದ ಚಾಲ್ತಿಯಲ್ಲಿರುವ ಓಝೋನ್ ಚಿಕಿತ್ಸೆಯನ್ನೇ ಹೋಲುತ್ತದೆ. ಹೆಸರು ಮಾತ್ರ ಹೊಸದಿರಬಹುದು. ಅಮೆರಿಕದ ಎಫ್‌ಡಿಎ ನಿಯಮಗಳಲ್ಲಿ ಓಝೋನನ್ನು, ಉಪಯುಕ್ತವಾದ ಯಾವ ವೈದ್ಯಕೀಯ ಬಳಕೆಯೂ ತಿಳಿದಿರದ ವಿಷಾನಿಲವೆಂದೇ ನಮೂದಿಸಲಾಗಿದೆ. ಅವರಲ್ಲಿರುವುದು ನಿಜವಾದ ಪ್ಲಾಸ್ಮಾ ಉಪಕರಣವೇ ಆಗಿದ್ದರೂ ರಕ್ತ ಕ್ಯಾನ್ಸರಿಗೆ ಅದನ್ನು ಒಪ್ಪಿದ ಔಷಧ ನಿಯಂತ್ರಣ ಸಂಸ್ಥೆ ಜಗತ್ತಿನಲ್ಲಿ ಯಾವುದೂ ಇಲ್ಲ. ನಿಮ್ಮ ತಂದೆಯವರ ಈಗಿನ ಸ್ಥಿತಿಯಲ್ಲಿ ಅಪಾಯಗಳು ಬೇರೆಯವರಿಗಿಂತ ಹೆಚ್ಚು. ಬಿಳಿ ರಕ್ತಕಣ ಕಡಿಮೆಯಿರುವಾಗ ಪದೇ ಪದೇ ಸೂಜಿ ಚುಚ್ಚಿ ರಕ್ತವನ್ನು ಹೊರಗೆ ತೆಗೆದು ಒಳಗೆ ಬಿಡುವುದೆಂದರೆ ಸೋಂಕಿಗೆ ದಾರಿ ಮಾಡಿಕೊಟ್ಟಂತೆ. ಪ್ಲೇಟ್‌ಲೆಟ್ ಕಡಿಮೆಯಿರುವಾಗ ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಬೆರೆಸಿದರೆ ರಕ್ತಸ್ರಾವವಾಗಬಹುದು. ರಕ್ತನಾಳದೊಳಗೆ ಅನಿಲದ ಗುಳ್ಳೆ ಸೇರಿದರೆ ಪ್ರಾಣಕ್ಕೇ ಕುತ್ತು. ನಮ್ಮ ದೇಶದಲ್ಲಿ ಜಿ6ಪಿಡಿ ಎಂಬ ಕಿಣ್ವ ಹುಟ್ಟಿನಿಂದಲೇ ಕಡಿಮೆಯಿರುವವರು, ಅದರಲ್ಲೂ ಗಂಡಸರು, ಅಪರೂಪವೇನಲ್ಲ. ಅಂಥವರ ಕೆಂಪು ರಕ್ತಕಣಗಳು ಇಂಥ ಅಣುಗಳ ಹೊಡೆತಕ್ಕೆ ಒಮ್ಮೆಲೇ ಒಡೆದುಹೋಗಬಲ್ಲವು. ಇವೆಲ್ಲಕ್ಕಿಂತ ನನಗೆ ಹೆಚ್ಚು ಭಯ ಹುಟ್ಟಿಸುವುದು ಕೀಮೋ ನಿಲ್ಲಿಸಬಹುದೆಂಬ ಮಾತು. ಬ್ಲಾಸ್ಟ್ ಶೇ 5ಕ್ಕಿಂತ ಕೆಳಗಿಳಿದ ಮಾತ್ರಕ್ಕೆ ಕಾಯಿಲೆ ಹೋಗಿಬಿಟ್ಟಿತೆಂದಲ್ಲ. ಔಷಧ ಬಿಟ್ಟ ಕೆಲವೇ ವಾರಗಳಲ್ಲಿ ಅದು ಮರಳಿ ಬಂದವರನ್ನು ನನ್ನ ವೃತ್ತಿಯಲ್ಲಿ ನೋಡಿದ್ದೇನೆ, ಮತ್ತು ಎರಡನೆಯ ಸಲ ಅದೇ ಔಷಧ ಮೊದಲಿನಷ್ಟು ಕೆಲಸ ಮಾಡುವುದು ವಿರಳ.

ಇಷ್ಟೆಲ್ಲ ಹೇಳಿದ ಮೇಲೂ ಈ ಸಂಶೋಧನೆಯನ್ನು ನಾನು ತಳ್ಳಿಹಾಕುವುದಿಲ್ಲ. ರಕ್ತದ ಕಾಯಿಲೆಗಳಲ್ಲಿ ಪ್ಲಾಸ್ಮಾಕ್ಕೆ ಎಂದಾದರೂ ಜಾಗ ಸಿಕ್ಕರೆ ಅದು ಬಹುಶಃ ಮೈಯ ಹೊರಗೇ ಸಿಗುತ್ತದೆ. ಚರ್ಮದಲ್ಲಿ ಕಾಣಿಸಿಕೊಳ್ಳುವ ಟಿ-ಕೋಶ ಲಿಂಫೋಮಾದಲ್ಲಿ ಮಚ್ಚೆಗಳು ಕೈಗೆಟುಕುವುದರಿಂದ ಅಲ್ಲಿ ನೇರವಾಗಿ ಹಾಯಿಸಿ ನೋಡುವುದು ತಾರ್ಕಿಕವಾಗಿದೆ, ಟಿ-ಲಿಂಫೋಸೈಟ್‌ಗಳು ಪ್ಲಾಸ್ಮಾಕ್ಕೆ ಸೂಕ್ಷ್ಮವಾಗಿರುವುದೂ ಅಲ್ಲಿ ಅನುಕೂಲಕ್ಕೇ ಬರಬಹುದು. ಅದೇ ಕಾಯಿಲೆಗೆ ಫೋಟೊಫೆರೆಸಿಸ್ ಎಂಬ ಚಿಕಿತ್ಸೆ 1988ರಿಂದ ಮಾನ್ಯವಾಗಿದೆ: ಯಂತ್ರದಿಂದ ಬಿಳಿ ರಕ್ತಕಣಗಳನ್ನಷ್ಟೇ ಬೇರ್ಪಡಿಸಿ, ಔಷಧ ಬೆರೆಸಿ, ನೇರಳಾತೀತ ಬೆಳಕಿಗೆ ಒಡ್ಡಿ ಮರಳಿ ಕೊಡುತ್ತಾರೆ. ಕೆಂಪು ರಕ್ತಕಣಗಳ ಅಡ್ಡಿ ತಪ್ಪಿಸುವ ಈ ದಾರಿಯಲ್ಲಿ ಬೆಳಕಿನ ಬದಲು ಪ್ಲಾಸ್ಮಾವನ್ನು ಬಳಸುವ ಯೋಚನೆ ಮಾಡಬಹುದು. ರೋಗಿಯ ಸ್ವಂತ ಆಕರಕೋಶಗಳನ್ನು ತೆಗೆದಿಟ್ಟು ಕಸಿ ಮಾಡುವಾಗ, ಅವುಗಳಲ್ಲಿ ಬೆರೆತಿರುವ ಕ್ಯಾನ್ಸರ್ ಕೋಶಗಳನ್ನು ಮರಳಿ ಕೊಡುವ ಮೊದಲೇ ಕೊಲ್ಲುವುದು ಇನ್ನೊಂದು ಆಸೆ. ಈ ಆಸೆಗೆ ಹಳೆಯ ಚರಿತ್ರೆಯಿದೆ. 1980ರ ದಶಕದಲ್ಲಿ ಔಷಧಗಳಿಂದ ಮಜ್ಜೆಯನ್ನು ಹೀಗೆ ಶುದ್ಧಮಾಡಲು ಯತ್ನಿಸಿದಾಗ ಒಳ್ಳೆಯ ಆಕರಕೋಶಗಳೂ ಪೆಟ್ಟು ತಿಂದು, ಕಸಿ ಚಿಗುರುವುದು ತಡವಾಗುತ್ತಿತ್ತು. ಅತ್ತ, ಮೆಂಫಿಸ್‌ನ ಸೇಂಟ್ ಜೂಡ್ ಆಸ್ಪತ್ರೆಯವರು ಮಜ್ಜೆಯ ಕೋಶಗಳಿಗೆ ಗುರುತಿನ ಜೀನ್ ಸೇರಿಸಿ, ಮರಳಿ ಕೊಟ್ಟ ಮಜ್ಜೆಯಲ್ಲಿದ್ದ ಕ್ಯಾನ್ಸರ್ ಕೋಶಗಳೇ ಕಾಯಿಲೆ ಮರುಕಳಿಸುವುದಕ್ಕೆ ಕಾರಣವಾಗಬಲ್ಲವೆಂದು 1993ರಲ್ಲಿ ತೋರಿಸಿದ್ದರು. ಸಮಸ್ಯೆ ನಿಜ, ಪರಿಹಾರ ಇನ್ನೂ ಕೈಗೂಡಿಲ್ಲ. ಒಳ್ಳೆಯ ಆಕರಕೋಶಗಳನ್ನು ಉಳಿಸಿ ಕೆಟ್ಟವನ್ನು ಕೊಲ್ಲುವ ಪ್ರಮಾಣ ಪ್ಲಾಸ್ಮಾದಲ್ಲಿ ಸಿಕ್ಕರೆ ಅದು ದೊಡ್ಡ ಸಂಗತಿಯಾಗುತ್ತದೆ. ಪ್ಲಾಸ್ಮಾದಿಂದ ಸತ್ತ ಕ್ಯಾನ್ಸರ್ ಕೋಶಗಳು ರೋಗನಿರೋಧಕ ವ್ಯವಸ್ಥೆಯನ್ನು ಎಚ್ಚರಿಸುತ್ತವೆ ಎಂಬುದಕ್ಕೆ ಇಲಿಗಳಲ್ಲಿ ಕೆಲವು ಪುರಾವೆಗಳಿವೆ, ಆದರೆ ಅವು ಗೆಡ್ಡೆಯ ಕ್ಯಾನ್ಸರುಗಳಿಗೆ ಸಂಬಂಧಿಸಿದವು.

ಈಗ ನಿಮ್ಮ ಮುಂದಿರುವ ದಾರಿಗಳಿಗೆ ಬರೋಣ. ನಿಮ್ಮ ಪತ್ರವನ್ನು ಓದಿದಾಗ ನೀವು ವಿಫಲತೆಯೆಂದು ತಿಳಿದಿರುವುದು ನನಗೆ ಹಾಗೆ ಕಾಣಲಿಲ್ಲ. ಬ್ಲಾಸ್ಟ್ ಶೇ 5ಕ್ಕಿಂತ ಕೆಳಗಿಳಿದಿದೆ ಎಂದರೆ ಔಷಧ ಕೆಲಸ ಮಾಡಿದೆ. ಕೌಂಟ್ ಏರದಿರುವುದಕ್ಕೆ ಅದೇ ಔಷಧ ಒಳ್ಳೆಯ ಕೋಶಗಳನ್ನೂ ಅದುಮಿಟ್ಟಿರುವುದು ಸಾಮಾನ್ಯ ಕಾರಣ. ಇಂಥ ಸಂದರ್ಭದಲ್ಲಿ ಮುಂದಿನ ಸೈಕಲನ್ನು ಒಂದೆರಡು ವಾರ ಮುಂದಕ್ಕೆ ಹಾಕುವುದು, ವೆನೆಟೊಕ್ಲ್ಯಾಕ್ಸನ್ನು 28 ದಿನದ ಬದಲು 21 ಅಥವಾ 14 ದಿನ ಕೊಡುವುದು ಎಲ್ಲೆಡೆ ರೂಢಿಯಲ್ಲಿದೆ. ಶಿಲೀಂಧ್ರ ಸೋಂಕು ತಡೆಯಲು ಪೊಸಕೊನಜೋಲ್ ಅಥವಾ ವೊರಿಕೊನಜೋಲ್ ಕೊಡುತ್ತಿದ್ದರೆ, ಅವು ರಕ್ತದಲ್ಲಿ ವೆನೆಟೊಕ್ಲ್ಯಾಕ್ಸಿನ ಮಟ್ಟವನ್ನು ಏರಿಸುವುದರಿಂದ, ಅದರ ಪ್ರಮಾಣವನ್ನು ಗಣನೀಯವಾಗಿ ಇಳಿಸಿರಬೇಕು; ಹಾಗೆ ಇಳಿಸಿದ್ದಾರೆಯೇ ಎಂದು ಕೇಳಿ. ಇದೇ ಕಾರಣಕ್ಕೆ ಗ್ರೇಪ್‌ಫ್ರೂಟ್ ಹಾಗೂ ಅದರ ಬಳಗದ ನಮ್ಮ ಚಕ್ಕೋತ, ಜೊತೆಗೆ ಕಮರಾಕ್ಷಿ ಹಣ್ಣನ್ನು ದೂರವಿಡಲು ನಾವು ಹೇಳುತ್ತೇವೆ. ಸುಸ್ತು ಕಳೆಯಲೆಂದು ಮನೆಯಲ್ಲಿ ಕಷಾಯ, ಪುಡಿ ಏನಾದರೂ ಕೊಡುತ್ತಿದ್ದರೆ ಅದನ್ನು ವೈದ್ಯರಿಂದ ಮುಚ್ಚಿಡಬೇಡಿ.

ಈ ಔಷಧಗಳ ಮಿತಿಯನ್ನೂ ಹೇಳಬೇಕು. 2020ರಲ್ಲಿ ಪ್ರಕಟವಾದ, 431 ರೋಗಿಗಳ ಅಧ್ಯಯನದಲ್ಲಿ ಅಝಾಸಿಟಿಡಿನ್ ಒಂದನ್ನೇ ಪಡೆದವರಲ್ಲಿ ಶೇ 28ರಷ್ಟು ಜನರಿಗೆ ಕಾಯಿಲೆ ಹತೋಟಿಗೆ ಬಂದರೆ, ವೆನೆಟೊಕ್ಲ್ಯಾಕ್ಸ್ ಸೇರಿಸಿದವರಲ್ಲಿ ಅದು ಶೇ 66 ಆಗಿತ್ತು. ಬದುಕುಳಿದ ಅವಧಿಯ ನಡುಮಟ್ಟ 9.6 ತಿಂಗಳಿಂದ 14.7 ತಿಂಗಳಿಗೆ ಏರಿತು. ನಡುಮಟ್ಟವೆಂದರೆ ಅರ್ಧದಷ್ಟು ಜನ ಅದಕ್ಕಿಂತ ಹೆಚ್ಚು ಕಾಲ ಬದುಕಿದ್ದಾರೆ, ಉಳಿದರ್ಧ ಜನ ಅದಕ್ಕಿಂತ ಕಡಿಮೆ; ನಿಮ್ಮ ತಂದೆಯವರು ಯಾವ ಕಡೆ ಬರಬಹುದೆಂಬುದನ್ನು ಬಹಳ ಮಟ್ಟಿಗೆ ಅವರ ಕೋಶಗಳ ಜೀನ್ ಪರೀಕ್ಷೆ ಹೇಳುತ್ತದೆ. ಎನ್‌ಪಿಎಂ1, ಐಡಿಎಚ್2 ಎಂಬ ಜೀನ್‌ಗಳಲ್ಲಿ ಬದಲಾವಣೆಗಳಿದ್ದರೆ ಈ ಚಿಕಿತ್ಸೆಗೆ ಕಾಯಿಲೆ ಚೆನ್ನಾಗಿ ಬಗ್ಗುತ್ತದೆ, ಟಿಪಿ53 ಇದ್ದರೆ ಬೇಗ ಮರುಕಳಿಸುತ್ತದೆ, ಎಫ್‌ಎಲ್‌ಟಿ3 ಇದ್ದರೆ ಅದಕ್ಕೆಂದೇ ಬೇರೆ ಮಾತ್ರೆಗಳಿವೆ. ಟಿ-ಕೋಶಗಳನ್ನು ಮಾರ್ಪಡಿಸಿ ಕ್ಯಾನ್ಸರಿನ ಮೇಲೆ ಬಿಡುವ, ಸುದ್ದಿಯಲ್ಲಿರುವ ಕಾರ್-ಟಿ ಚಿಕಿತ್ಸೆಯ ಹೆಸರನ್ನೂ ಯಾರಾದರೂ ಎತ್ತಬಹುದು. 2023ರಲ್ಲಿ ಭಾರತದಲ್ಲಿ ಅನುಮತಿ ಪಡೆದ ನೆಕ್ಸ್‌ಕಾರ್19 ಬಿ-ಕೋಶಗಳ ಕ್ಯಾನ್ಸರುಗಳಿಗೆ ಇರುವುದು, ಮೈಲಾಯ್ಡ್ ಲ್ಯುಕೇಮಿಯಾಕ್ಕಲ್ಲ.

ಹೊಸ ಚಿಕಿತ್ಸೆಯನ್ನೇ ಪ್ರಯತ್ನಿಸಬೇಕೆಂದಿದ್ದರೆ ಅದಕ್ಕೆ ನೇರವಾದ ದಾರಿ ನೋಂದಾಯಿತ ಪ್ರಯೋಗ. ನಮ್ಮ ದೇಶದಲ್ಲಿ ನಡೆಯುವ ಔಷಧ ಪ್ರಯೋಗಗಳು ಸಿಟಿಆರ್‌ಐ ಎಂಬ ನೋಂದಣಿ ಪಟ್ಟಿಯಲ್ಲಿ ಇರಲೇಬೇಕೆಂದು 2009ರಿಂದ ಕಡ್ಡಾಯವಾಗಿದೆ. ಯಾರು ಬೇಕಾದರೂ ಅದನ್ನು ಹುಡುಕಿ ನೋಡಬಹುದು. ಸಂಶೋಧನೆಗೆಂದೇ ಆಗುವ ಖರ್ಚನ್ನು ರೋಗಿಯಿಂದ ವಸೂಲಿ ಮಾಡಬಾರದೆಂದು ಐಸಿಎಂಆರ್‌ನ 2017ರ ಮಾರ್ಗಸೂಚಿ ಹೇಳುತ್ತದೆ. ಆದ್ದರಿಂದ ಆ ಕ್ಲಿನಿಕ್‌ನವರಿಗೆ ನೋಂದಣಿ ಸಂಖ್ಯೆ ಮತ್ತು ನೈತಿಕ ಸಮಿತಿಯ ಒಪ್ಪಿಗೆ ಪತ್ರ ಕೇಳಿ. ಅವೆರಡೂ ಇಲ್ಲದೆ ಹತ್ತು ಸಲದ ಶುಲ್ಕವನ್ನು ಮುಂಗಡ ಕೇಳುತ್ತಿದ್ದರೆ ಅವರು ಮಾಡುತ್ತಿರುವುದು ಸಂಶೋಧನೆಯಲ್ಲವೆಂದು ನಿಮ್ಮ ಸೋದರಮಾವನಿಗೂ ಮನವರಿಕೆಯಾಗುತ್ತದೆ.

ನೀವು ಕೇಳದೆ ಬಿಟ್ಟ ಒಂದು ಪ್ರಶ್ನೆಯನ್ನು ನಾನೇ ಎತ್ತುತ್ತೇನೆ. 67 ವರ್ಷ ಎಂಬ ಒಂದೇ ಕಾರಣಕ್ಕೆ ಮೂಳೆಮಜ್ಜೆ ಕಸಿಯನ್ನು ಕೈಬಿಡುವ ಕಾಲ ಹೋಯಿತು. ಕಾಯಿಲೆ ಹತೋಟಿಯಲ್ಲಿದ್ದು, ಹೃದಯ, ಶ್ವಾಸಕೋಶ, ಮೂತ್ರಪಿಂಡಗಳು ಸಾಕಷ್ಟು ಗಟ್ಟಿಯಾಗಿದ್ದರೆ, ಕಡಿಮೆ ತೀವ್ರತೆಯ ಕೀಮೋ ಕೊಟ್ಟು ಕಸಿ ಮಾಡುವ ವಿಧಾನವಿದೆ. ಪೂರ್ತಿ ಹೊಂದುವ ದಾನಿಯೇ ಬೇಕೆಂದಿಲ್ಲ, ಅರ್ಧ ಹೊಂದುವ ಮಗ ಅಥವಾ ಮಗಳು ಕೂಡ ದಾನಿಯಾಗಬಹುದು. ಅದರಲ್ಲಿ ಜೀವಾಪಾಯವಿದೆ, ಖರ್ಚು ದೊಡ್ಡದು, ತಿಂಗಳುಗಟ್ಟಲೆ ಬೆಂಗಳೂರಿನಲ್ಲೇ ಉಳಿಯಬೇಕಾಗುತ್ತದೆ. ಜೋರಾದ ಕೀಮೋ ತಾಳಲಾರರೆಂದು ವೈದ್ಯರು ಮೊದಲೇ ತೀರ್ಮಾನಿಸಿರುವುದರಿಂದ ಕಸಿಯೂ ಬೇಡವೆನ್ನುವ ಸಾಧ್ಯತೆಯೇ ಹೆಚ್ಚು. ಆದರೂ ಮೂರನೆಯ ಸೈಕಲ್ ಶುರುವಾಗುವ ಮೊದಲು ಜೀನ್ ಪರೀಕ್ಷೆಯ ವರದಿಯನ್ನೂ ಇತ್ತೀಚಿನ ಹೃದಯದ ಎಕೊ ವರದಿಯನ್ನೂ ಹಿಡಿದುಕೊಂಡು ಹೋಗಿ, ಕಸಿ ತಜ್ಞರೊಬ್ಬರ ಅಭಿಪ್ರಾಯ ಬೇಕೆಂದು ನಿಮ್ಮ ವೈದ್ಯರನ್ನೇ ಕೇಳಿ. ಅವರು ಬೇಡವೆಂದರೆ ಯಾಕೆ ಬೇಡವೆಂಬುದನ್ನು ತಂದೆಯವರ ಎದುರಿನಲ್ಲೇ ವಿವರಿಸಲು ಹೇಳಿ. ಮುಂದಿನ ಚಿಕಿತ್ಸೆ ಎಷ್ಟರಮಟ್ಟಿಗೆ ಬೇಕೆಂದು ಹೇಳುವ ಹಕ್ಕು ಮೊದಲು ಅವರದು.